ಖಾಲಿ ಐತ್ರಿ, ಹೋಗ್ರಿ

ಎಲ್ಲಿಂದ ಶುರು ಮಾಡಲಿ ಹೇಳಿ. ಸೂರ್ಯನಿಂದ ಮಾಡಬಹುದು, ಇದು ಸೋಲಾರಿನ ಕಥೆ. ರಸ್ತೆಯಿಂದ ಮಾಡಬಹುದು, ಆ ಸೋಲಾರು ಬರಬೇಕಾಗಿರುವುದು ಸರಕಾರದ ಒಂದು ಹಳೆಯ ರಸ್ತೆಯ ಮೇಲೆ. ಗುರುಲಿಂಗಮ್ಮನಿಂದಲೇ ಮಾಡಿಬಿಡಬಹುದು. ಯಾಕೆಂದರೆ ಕಥೆ ಅವಳದು, ಮೂರು ದಿನದಿಂದ ನನ್ನ ಮೇಜಿನ ಎದುರು ಕುಕ್ಕರಗಾಲಲ್ಲಿ ಕೂತು “ಬರಿ ಮತ್ತ, ಪೆನ್ನು ಏನು ಕಚ್ತೈತೇನು?” ಎಂದು ಕೇಳುತ್ತಿರುವವಳೂ ಅವಳೇ. ಪಾತ್ರಗಳು ಲೇಖಕನ ಮನೆಗೆ ಬಂದು ಕೂರುವ ಕಥೆಗಳು ಹಳಸಿ ಹೋದವು ಎಂದು ಓದುಗರಾದ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸುತ್ತದೆ. ಆದರೆ ಇವಳನ್ನು ಎಬ್ಬಿಸಿ ಕಳಿಸುವ ಧೈರ್ಯ ನನಗಿಲ್ಲ, ನಿಮಗಿದ್ದರೆ ಬಂದು ಕಳಿಸಿ.

೧

ಮೊದಲ ಕರಡಿನ ಮೊದಲ ಸಾಲು: “ನಾರಾಯಣಪೇಟೆಯಿಂದ ಮಕ್ತಲ್ ಕಡೆಗೆ ಹೊರಟರೆ, ಊರು ಮುಗಿಯುವಲ್ಲಿ, ಒಂದು ಖಾಲಿ ರಸ್ತೆ ಬಿಸಿಲಿಗೆ ಮೈಚಾಚಿ ಮಲಗಿತ್ತು.”

(ನನ್ನ ಕಥೆಗಳಲ್ಲಿ ಇದುವರೆಗೆ ಹನ್ನೊಂದು ರಸ್ತೆಗಳು ಮಲಗಿವೆ. ಒಂದೂ ಎದ್ದದ್ದಿಲ್ಲ.)

“ಏನಂತ ಬರ್ದಿ, ಓದು,” ಎಂದಳು ಗುರುಲಿಂಗಮ್ಮ. ಓದಿದೆ. ಅವಳ ಮುಖ ಸಪ್ಪಗಾಯಿತು.

“ಆ ಮಾತು ತಗಿ ತಮ್ಮಾ.”

“ಯಾವುದು? ಮಲಗಿತ್ತು ಅನ್ನೋದಾ?”

“ಮಲಗಿದ್ರ ಮಲಗ್ಲಿ ಬಿಡು. ಖಾಲಿ ಅಂದಿಯಲ್ಲ, ಅದು. ಆ ಒಂದು ಮಾತಿಂದ ನಾ ಪಟ್ಟಿದ್ದು ಸಾಕು.”

ಹೊಡೆದು ಹಾಕಿದೆ. ನನಗೆ ಸುಲಭ, ಅಡ್ಡ ಒಂದು ಗೆರೆ ಎಳೆದರೆ ಆಯಿತು. ಅದೇ ಮಾತನ್ನು ಬಾಯಿಂದ ಬಿಟ್ಟ ಗುರುಲಿಂಗಮ್ಮ ಅದನ್ನು ವಾಪಸ್ಸು ಪಡೆಯಲು ನಾಲ್ಕು ತಿಂಗಳು ಒದ್ದಾಡಿದಳು. ಕಥೆ ಇಷ್ಟೇ. ಉಳಿದದ್ದೆಲ್ಲ ವಿವರ. (ವಿವರ ಬೇಡ ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಸ್ವಲ್ಪ ಮಾಡಿಕೊಳ್ಳುತ್ತೇನೆ.)

೧, ಎರಡನೇ ಸಲ

ಆ ರಸ್ತೆಗೆ ಊರಿನವರು ಹಳೇ ಸಡಕು ಅನ್ನುತ್ತಾರೆ. ಹಿಂದೆ ಮಕ್ತಲ್ ಬಸ್ಸುಗಳೆಲ್ಲ ಅದರ ಮೇಲೆಯೇ ಓಡಾಡುತ್ತಿದ್ದವು. ತೆಲಂಗಾಣ ರಾಜ್ಯ ಬಂದ ಮೇಲೆ ಊರ ಹೊರಗೆ ಹೊಸ ರಸ್ತೆ ಬಂತು, ಬಸ್ಸುಗಳು ಆ ಕಡೆ ತಿರುಗಿದವು, ಅರ್ಧ ಕಿಲೋಮೀಟರಿನ ಈ ತುಂಡು ಹಿಂದೆ ಉಳಿಯಿತು. ಡಾಂಬರು ಅಲ್ಲಲ್ಲಿ ಕಿತ್ತಿದೆ. ಎರಡೂ ಪಕ್ಕಕ್ಕೆ ಅಗಲವಾದ ಸರಕಾರಿ ಜಾಗ. ಪೂರ್ವದಿಂದ ಪಶ್ಚಿಮಕ್ಕೆ ಒಂದಿಷ್ಟೂ ಡೊಂಕಿಲ್ಲ.

ಬಸ್ಸುಗಳು ಬಿಟ್ಟ ಜಾಗವನ್ನು ನೇಕಾರರು ಹಿಡಿದರು. ಸೀರೆ ನೇಯುವುದಕ್ಕೆ ಮೊದಲು ಹಾಸು ಸಿದ್ಧವಾಗಬೇಕು. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ನಿಲ್ಲುವ ನೂಲು. ಅದನ್ನು ನಲವತ್ತು ಹೆಜ್ಜೆ ಉದ್ದ ಬಿಚ್ಚಿ, ಎರಡೂ ತುದಿಗೆ ಗೂಟ ಹೊಡೆದು ಬಿಗಿದು, ಗಂಜಿ ಹಚ್ಚಿ, ಇಬ್ಬರು ಎದುರುಬದುರು ನಿಂತು ಕುಂಚ ಎಳೆಯುತ್ತ ಹೋಗಬೇಕು. ಕಡಿದ ಎಳೆ ಕಂಡಲ್ಲಿ ನಿಂತು ಕೂಡಿಸಬೇಕು. ಇದೆಲ್ಲ ಬೆಳಿಗ್ಗೆ ಆರರಿಂದ ಒಂಬತ್ತೂವರೆಯ ಒಳಗೆ. ಎಳೆಬಿಸಿಲಿಗೆ ಗಂಜಿ ಹದವಾಗಿ ಒಣಗುತ್ತದೆ. ಹತ್ತರ ಬಿಸಿಲು ಬಿತ್ತೋ, ನೂಲು ಹಪ್ಪಳದಂತೆ ಗರಿಗರಿಯಾಗಿ ಮಗ್ಗಕ್ಕೆ ಹೋದ ಮೇಲೆ ಪಟಪಟನೆ ಕಡಿಯುತ್ತದೆ. ಹಾಗಾಗಿ ಹತ್ತರೊಳಗೆ ಎಲ್ಲರೂ ಹಾಸು ಸುತ್ತಿಕೊಂಡು ಮನೆಗೆ ಹೋಗಿರುತ್ತಾರೆ.

ಈಗ ಮುಖ್ಯವಾದ ಮಾತು, ಸ್ವಲ್ಪ ಗಮನ ಕೊಡಿ. ಹೊಲಕ್ಕೆ ಹೋಗುವ ಮೋಟರ್ ಸೈಕಲಿನವರಿಗೂ ಬಂಡಿಯವರಿಗೂ ಹಳೇ ಸಡಕು ಹತ್ತಿರದ ದಾರಿ. ಆದರೆ ಹಾಸು ಹಾಸಿದ್ದರೆ ದಾಟಲಾಗುವುದಿಲ್ಲ. ಅದಕ್ಕೇ ಸಡಕಿನ ಬಾಯಲ್ಲಿ ನಿಂತು “ಖಾಲಿ ಐತೇನು?” ಎಂದು ಕೂಗುವ ರೂಢಿ ಬಂತು. ಹಾಸು ಇದ್ದರೆ “ಇಲ್ರಿ, ಸುತ್ತ ಹಾಕ್ಕೊಂಡು ಹೋಗ್ರಿ” ಅನ್ನುತ್ತಾರೆ. ಎತ್ತಿಯಾಗಿದ್ದರೆ “ಖಾಲಿ ಐತ್ರಿ, ಹೋಗ್ರಿ.” ಸಡಕಿನ ಬಾಯಿಗೇ ಮನೆಯಿದ್ದ ಗುರುಲಿಂಗಮ್ಮ ಈ ಉತ್ತರವನ್ನು ದಿನಕ್ಕೆ ಹತ್ತು ಸಲ ಕೊಡುತ್ತಿದ್ದಳು. ಒಲೆಯ ಮುಂದೆ ಕೂತು, ತಲೆ ಬಾಚಿಕೊಳ್ಳುತ್ತ, ಗಂಡನ ಜೊತೆ ಜಗಳ ಮಾಡುತ್ತಿದ್ದರೆ ಜಗಳದ ನಡುವೆಯೂ.

೨

ಉಗಾದಿ ಮುಗಿದ ವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಗುರುಲಿಂಗಮ್ಮ ಗಂಜಿಯ ಬಕೆಟ್ಟು ತೊಳೆಯುತ್ತಿದ್ದಳು. ಸಡಕಿನ ಬಾಯಿಗೆ ಒಂದು ಬಿಳಿ ಜೀಪು ಬಂದು ನಿಂತಿತು. ಕಿಟಕಿಯಿಂದ ಮುಖ ಹೊರಹಾಕಿದವಳು ಒಬ್ಬ ಹುಡುಗಿ, ಇಪ್ಪತ್ತೇಳೋ ಇಪ್ಪತ್ತೆಂಟೋ, ಕೊರಳಲ್ಲಿ ಗುರುತಿನ ಚೀಟಿ. ಹೆಸರು ಮಾಧವಿ, ಗದ್ವಾಲದವಳು, ನಾರಾಯಣಪೇಟೆಯ ರಸ್ತೆ ಆಫೀಸಿನಲ್ಲಿ ಇಂಜಿನಿಯರು. (ಯಾವ ಆಫೀಸು ಎಂದು ಹುಡುಕಿಕೊಂಡು ಹೋಗಬೇಡಿ. ಅದು ನಾನು ಕಟ್ಟಿದ ಆಫೀಸು, ಬೋರ್ಡು ಬರೆಸುವುದು ಬಾಕಿ ಇದೆ.)

“ಅಮ್ಮಾ, ಈ ಜಾಗಾ ಖಾಳೀನೇನಾ?” ಹುಡುಗಿ ತೆಲುಗಿನಲ್ಲಿ ಕೇಳಿದಳು.

ಖಾಲಿ ಎಂಬ ಮಾತನ್ನು ಆ ಕಡೆ ಕನ್ನಡ, ತೆಲುಗು, ಉರ್ದು ಮೂರೂ ನಿಜಾಮರ ಕಾಲದಿಂದ ಹಂಚಿಕೊಂಡು ಉಣ್ಣುತ್ತಿವೆ. ತೊಂದರೆಯಾದದ್ದೇ ಅಲ್ಲಿ. ಗೊತ್ತಿಲ್ಲದ ಮಾತಾಗಿದ್ದರೆ ಗುರುಲಿಂಗಮ್ಮ “ಏನಂದ್ರಿ?” ಎಂದು ಕೇಳುತ್ತಿದ್ದಳು. ಇದು ಗೊತ್ತಿದ್ದ ಮಾತು. ಜೀಪಿಗೆ ದಾರಿ ಬೇಕಾಗಿದೆ ಅಂದುಕೊಂಡಳು.

“ಖಾಲಿ ಐತ್ರಿ, ಹೋಗ್ರಿ,” ಅಂದಳು, ಬಕೆಟ್ಟಿನಿಂದ ತಲೆ ಎತ್ತದೆ.

ಹುಡುಗಿ ಥ್ಯಾಂಕ್ಸ್ ಹೇಳಿ, ಕೈಯಲ್ಲಿದ್ದ ಹಾಳೆಗೆ ಒಂದು ಗುರುತು ಹಾಕಿ, ಸಡಕಿನುದ್ದಕ್ಕೂ ಜೀಪು ಹೊಡೆಸಿಕೊಂಡು ಹೋದಳು. ಗುರುಲಿಂಗಮ್ಮ ಬಕೆಟ್ಟು ಬೋರಲು ಹಾಕಿ ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು.

ತಿಂಗಳೊಪ್ಪತ್ತಿಗೆ ಕರೆಂಟು ಕಂಬಕ್ಕೆ ನೋಟೀಸು ಬಿತ್ತು. ನೆರೆಮನೆಯ ನೇಕಾರ ಭೀಮಯ್ಯ ತೆಲುಗು ಚೆನ್ನಾಗಿ ಬಲ್ಲವನು, ಗಟ್ಟಿಯಾಗಿ ಓದಿ ಅರ್ಥ ಹೇಳಿದ. ಸ್ಥಳಕ್ಕೆ ಹೋಗಿ ನೋಡಿದಾಗ ಖಾಲಿ ಎಂದು ಕಂಡುಬಂದ ಈ ರಸ್ತೆ ಜಾಗದಲ್ಲಿ ಸೋಲಾರ್ ಫಲಕ ಕೂರಿಸಿ ಕರೆಂಟು ತಯಾರಿಸಲಾಗುವುದು. ದಸರಾ ಆದ ಮೇಲೆ ಸುತ್ತಲೂ ತಂತಿಬೇಲಿ, ಗೇಟು. ಒಳಗೆ ಹೋಗುವುದು ನಿಷೇಧ.

“ಯಾರನ್ನ ಕೇಳಿ ಖಾಲಿ ಅಂತ ಬರ್ಕೊಂಡ್ರಂತ?” ಎಂದು ಯಾರೋ ಕೇಳಿದರು.

ಗುರುಲಿಂಗಮ್ಮ ಗುಂಪಿನ ಹಿಂದಿನಿಂದ ಮುಂದೆ ಬಂದಳು. “ನನ್ನ ಕೇಳಿ,” ಅಂದಳು.

೩ (ಪೂರ್ತಿ ಹೊಡೆದು ಹಾಕಿದ್ದು, ಆದರೂ ಓದಿ)

ಇಲ್ಲಿಂದ ಮುಂದೆ ನಾನು ಬರೆದ ಕರಡಿನಲ್ಲಿ ಮಾಧವಿ ಕಪ್ಪು ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ಯಾರಿಗೋ “ಕೆಲಸ ಆಯಿತು ಸಾರ್” ಎಂದು ನಗುತ್ತಾಳೆ. ಎರಡನೇ ಪುಟದಲ್ಲಿ ಜೆಸಿಬಿ ಬರುತ್ತದೆ. ಗುರುಲಿಂಗಮ್ಮ ಸೆರಗು ಕಟ್ಟಿ ಜೆಸಿಬಿಯ ಮುಂದೆ ಅಡ್ಡ ಮಲಗುತ್ತಾಳೆ. ಊರಿಗೂರೇ ಸೇರುತ್ತದೆ. ಬಹಳ ಚೆನ್ನಾಗಿ ಬಂದಿತ್ತು, ನನಗೇ ಕಣ್ಣಲ್ಲಿ ನೀರು ಬಂದಿತ್ತು.

ಓದಿ ಹೇಳಿದೆ. ಗುರುಲಿಂಗಮ್ಮ ಹಾಳೆಯನ್ನು ನನ್ನ ಕಡೆಗೇ ಸರಿಸಿದಳು.

“ಜೆಸಿಬಿ ಮುಂದ ನಾ ಯಾಕ ಮಲಗಲಿ?”

“ಪ್ರತಿಭಟನೆ.”

“ಸೊಂಟ ಹಿಡಕೊಂಡ್ರ ಎಬ್ಬಸಾಕ ನೀ ಬರ್ತೀಯೇನು? ಮತ್ತ ಆ ಹುಡುಗಿ ಹಂಗಿಲ್ಲ ತಮ್ಮಾ. ಕಪ್ಪು ಕನ್ನಡಕ ಇಲ್ಲ ಏನಿಲ್ಲ. ಆಮ್ಯಾಲ ಒಂದು ದಿನ ಬಿಸಲಾಗ ಬಂದಾಗ ಮಜ್ಜಿಗಿ ಕೊಟ್ರ ಎರಡು ಲೋಟ ಕುಡುದು, ಲೋಟ ತಾನ ತೊಳದಿಟ್ಟು ಹೋದ್ಲು.”

“ಲೋಟ ತೊಳೆಯುವ ವಿಲನ್ನನ್ನು ಇಟ್ಟುಕೊಂಡು ನಾನು ಕಥೆ ಹೇಗೆ ನಡೆಸಲಿ?”

“ಅದು ನಿನ್ನ ಪಾಡು.”

ನಿಜ ಹೇಳಬೇಕೆಂದರೆ ಮಾಧವಿಯ ಮೇಲೆ ನನಗೂ ಪ್ರೀತಿ ಇದೆ. ಆ ಜಿಲ್ಲೆಗಳಲ್ಲಿ ಸೋಲಾರು ಅಂದರೆ ಹೊಲಗಳು ಹೋಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಯಾರ ಹೊಲವನ್ನೂ ಮುಟ್ಟದೆ, ರಸ್ತೆಯವರೇ ಬಿಟ್ಟ ರಸ್ತೆಯಲ್ಲಿ ಕರೆಂಟು ಮಾಡಬಹುದು ಎಂಬ ಯೋಚನೆ ಅವಳದೇ. ಆಫೀಸಿನಲ್ಲಿ ನಾಲ್ಕು ಮಂದಿ ನಕ್ಕಿದ್ದರು. ಅವಳು ನಕ್ಷೆ ಮಾಡಿ, ಬಿಸಿಲು ಅಳೆದು, ಬೆನ್ನು ಹತ್ತಿ ಒಪ್ಪಿಸಿದ್ದಳು. ಇಂಥವಳಿಗೆ ನಾನು ಕಪ್ಪು ಕನ್ನಡಕ ಹಾಕಲು ಹೋಗಿದ್ದೆ, ನಾಚಿಕೆಯಾಗಬೇಕು ನನಗೆ.

ಗುರುಲಿಂಗಮ್ಮನಿಗೂ ಸೋಲಾರಿನ ಮೇಲೆ ಸಿಟ್ಟಿಲ್ಲ. “ಕರೆಂಟು ಬ್ಯಾಡ ಅಂದವರ್ಯಾರು? ಬಿಸಲು ನಮ್ಮಪ್ಪಂದಲ್ಲ,” ಅನ್ನುತ್ತಾಳೆ. ಅವಳ ಸಿಟ್ಟೆಲ್ಲ ತನ್ನ ಬಾಯಿಯ ಮೇಲೆ.

೪

ಬೈದಿದ್ದರೆ ಚೆನ್ನಾಗಿತ್ತು. ಹಳೇ ಸಡಕಿನಲ್ಲಿ ಹಾಸು ಹಾಸುವ ಮನೆಗಳು ಹದಿನೆಂಟು. ಹದಿನೆಂಟರಲ್ಲಿ ಒಬ್ಬರೂ ಅವಳಿಗೆ ಒಂದು ಮಾತು ಅನ್ನಲಿಲ್ಲ. ಭೀಮಯ್ಯ “ಪೋನೀ ಅಕ್ಕಾ, ನೀ ತಪ್ಪೇಮುಂದಿ” ಎಂದು ತೆಲುಗಿನಲ್ಲಿ ಸಮಾಧಾನ ಹೇಳಿ ಚಹಾ ಕೊಟ್ಟ. ಹೋಗಲಿ ಬಿಡು, ನಿನ್ನ ತಪ್ಪೇನಿದೆ. ಆ ಚಹಾವನ್ನು ಅವಳು ಅರ್ಧಕ್ಕೇ ಬಿಟ್ಟು ಎದ್ದಳು. ತಪ್ಪು ಏನಿದೆ ಅನ್ನುವವರ ಎದುರು ತಪ್ಪನ್ನು ಎಲ್ಲಿ ಇಳಿಸುವುದು? ಹೊತ್ತುಕೊಂಡೇ ತಿರುಗಬೇಕು.

ಅವಳು ಸಡಕಿನ ಬಾಯಿಯ ಕಡೆಗೆ ಕೂರುವುದನ್ನು ಬಿಟ್ಟಳು. ಯಾರಾದರೂ “ಖಾಲಿ ಐತೇನು?” ಎಂದು ಕೂಗಿದರೆ ಉತ್ತರ ಕೊಡುತ್ತಿರಲಿಲ್ಲ. ಕೂಗಿದವರು ಎರಡು ಸಲ ಕೂಗಿ, ತಾವೇ ಇಳಿದು ಬಂದು ನೋಡಿ ಹೋಗುತ್ತಿದ್ದರು. ಮನೆಯಲ್ಲೂ ಮಾತು ಕಡಿಮೆಯಾಯಿತು. ಮೂವತ್ತೈದು ವರ್ಷದ ಸಂಸಾರದಲ್ಲಿ ಮೊದಲ ಸಲ ಅವಳ ಗಂಡ ಶರಣಯ್ಯನಿಗೆ ಜಗಳಕ್ಕೆ ಜನ ಸಿಗಲಿಲ್ಲ.

ಶರಣಯ್ಯ ಮಾತಿನವನಲ್ಲ, ಕುಂಚದವನು. ಒಂದು ದಿನ ಬೆಳಿಗ್ಗೆ ಅವನು ಹಾಸನ್ನು ಹೆಗಲ ಮೇಲೆ ಹಾಕಿಕೊಂಡು ಸಡಕಿಗೆ ಹೋಗುವ ಬದಲು ಮನೆಯ ಮುಂದಿನ ಓಣಿಯಲ್ಲಿ ಗೂಟ ಹೊಡೆದ. ಹೇಗೂ ದಸರಾಕ್ಕೆ ಬೇಲಿ ಬೀಳುತ್ತದೆ, ಈಗಿನಿಂದಲೇ ರೂಢಿಯಾಗಲಿ ಎಂದು ಇರಬೇಕು. ಓಣಿ ಅಳೆದರೆ ಹದಿನಾಲ್ಕು ಹೆಜ್ಜೆ. ಹಾಸನ್ನು ಮೂರು ಮಡಿಕೆ ಮಾಡಿದ. ಮೂರು ಪದರದ ನೂಲಿಗೆ ಗಂಜಿ ಸಮನಾಗಿ ಹತ್ತಲಿಲ್ಲ. ಪಕ್ಕದ ಮನೆಯ ಮೇಕೆ ಒಂದು ಸಲ, ಹಾಲಿನ ಗಾಡಿ ಎರಡು ಸಲ ನಡುವೆ ಬಂದವು. ಎಂಟು ಗಂಟೆಗೆ ಬಿಚ್ಚಲು ಹೋದರೆ ಎಳೆಗೆ ಎಳೆ ಅಂಟಿಕೊಂಡಿತ್ತು. ನಾಲ್ಕು ಸೀರೆಯ ನೂಲು, ಕೆಂಪು ಮತ್ತು ಗಿಣಿಹಸಿರು, ಒಂದೇ ಮುದ್ದೆ.

ಶರಣಯ್ಯ ಬೈಯಲಿಲ್ಲ. ಓಣಿಯ ನೆಲದ ಮೇಲೆ ಕೂತು ಒಂದೊಂದೇ ಎಳೆ ಬಿಡಿಸತೊಡಗಿದ. ಸಂಜೆಯವರೆಗೂ ಕೂತಿದ್ದ. ಗುರುಲಿಂಗಮ್ಮ ಬಾಗಿಲಲ್ಲಿ ನಿಂತು ಅವನ ಬಗ್ಗಿದ ಬೆನ್ನು ನೋಡಿದಳು. ಮಾತಿಗೆ ಬರಗಾಲವಿದ್ದ ಆ ಮನುಷ್ಯನ ಬಾಳೆಲ್ಲ ಆ ನಲವತ್ತು ಹೆಜ್ಜೆಯಲ್ಲಿ ಇತ್ತು, ಅದನ್ನು ತಾನು ಬಕೆಟ್ಟು ತೊಳೆಯುತ್ತ ಕೊಟ್ಟುಬಿಟ್ಟೆ ಅನ್ನಿಸಿ ಅವಳಿಗೆ ಅಳು ಒತ್ತರಿಸಿ ಬಂತು. ಒಳಗೆ ಹೋಗಿ ಅತ್ತಳು. ಅತ್ತು ಮುಖ ತೊಳೆದು ಹೊರಗೆ ಬಂದಳು.

“ಏನ್ರಿ, ನಾಳೆ ನಾ ಆಫೀಸಿಗೆ ಹೋಗಿ ಬರ್ತೀನಿ.”

“ಹೋಗಿ?”

“ನಾ ಅಂದ ಮಾತು ವಾಪಸ್ ತಗೋತೀನಿ.”

ಶರಣಯ್ಯ ಎಳೆಯಿಂದ ಕಣ್ಣು ತೆಗೆಯಲಿಲ್ಲ. “ಒಳ್ಳೇ ಸೀರಿ ಉಟ್ಕೊಂಡು ಹೋಗು,” ಅಂದ.

೫

(ಆಫೀಸಿನ ಅಧ್ಯಾಯವನ್ನು ಹನ್ನೆರಡು ಪುಟ ಬರೆದಿದ್ದೆ. ಅದರಲ್ಲಿ ಗೋಡೆಯ ಗಡಿಯಾರ ನಿಂತಿತ್ತು, ಫ್ಯಾನು ಕಿರುಗುಟ್ಟುತ್ತಿತ್ತು, ಗುಮಾಸ್ತ ಹಲ್ಲುಕಡ್ಡಿ ಕಚ್ಚಿದ್ದ. ನಿಮಗೂ ಇಂಥ ಆಫೀಸುಗಳು ಕಥೆಗಳಲ್ಲಿ ಬೇಕಾದಷ್ಟು ಸಿಕ್ಕಿವೆ. ಬಿಟ್ಟುಬಿಡೋಣ.)

ಗುರುಲಿಂಗಮ್ಮ ಹೋದಳು. ಮಾಧವಿ ಇದ್ದಳು. ಇಷ್ಟು ಸಲೀಸಾಗಿ ಸಿಕ್ಕಿದ್ದಕ್ಕೆ ಗುರುಲಿಂಗಮ್ಮನಿಗೆ ಹೇಳಬೇಕಾದದ್ದೆಲ್ಲ ಮರೆತುಹೋಯಿತು.

“ಸೋಮಾರ ಮುಂಜಾನಿ ಆರೂವರಿಗೆ ನಮ್ಮ ಸಡಕಿಗೆ ಬರ್ರಿ,” ಅಂದಳು.

ಮಾಧವಿ ಕಂಪ್ಯೂಟರಿನಿಂದ ತಲೆ ಎತ್ತಿದಳು. “ಎಂದುಕು ಅಮ್ಮಾ? ಯಾಕ?”

ಮಾಧವಿಯ ಅಜ್ಜಿ ರಾಯಚೂರಿನವಳು. ಸಿಟ್ಟು ಬಂದಾಗ, ಜ್ವರ ಬಂದಾಗ ಅಜ್ಜಿ ಆಡುತ್ತಿದ್ದ ಕನ್ನಡ ಈ ಹುಡುಗಿಗೆ ಅಷ್ಟಿಷ್ಟು ಉಳಿದಿತ್ತು.

“ಬಂದು ನೋಡ್ರಿ. ನೀವು ಬರೂದು ಯಾವಾಗ್ಲೂ ಹತ್ತರ ಮ್ಯಾಲ. ಹತ್ತರ ಮ್ಯಾಲ ನಾವು ಇರಂಗಿಲ್ಲ.”

ಸರಕಾರ ಹತ್ತಕ್ಕೆ ಬಾಗಿಲು ತೆಗೆಯುತ್ತದೆ, ಹಾಸು ಹತ್ತಕ್ಕೆ ಎದ್ದು ಹೋಗುತ್ತದೆ. ಇಬ್ಬರೂ ಅದೇ ರಸ್ತೆಯಲ್ಲಿ ವರ್ಷಗಟ್ಟಲೆ ಇದ್ದು ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ. ಈ ಒಂದು ಸಾಲಿಗೆ ನಾನು ಇಡೀ ಕಥೆಯನ್ನು ಬರೆಯಲು ಕೂತೆ ಎಂದು ನಿಮಗೆ ಹೇಳಿಬಿಡುತ್ತೇನೆ. ಆದರೆ ಗುರುಲಿಂಗಮ್ಮನಿಗೆ ಇದು ಸಾಲಲ್ಲ, ಬರೀ ಟೈಮು ಹೇಳಿದ್ದು.

೬

ಶ್ರಾವಣದ ಬೆಳಿಗ್ಗೆ. ಮಾಧವಿ ಆರೂವರೆಗೆ ಬಂದಳು, ಜೀಪಿಲ್ಲದೆ, ಸ್ಕೂಟಿಯ ಮೇಲೆ.

ಸಡಕಿನುದ್ದಕ್ಕೂ ನಾಲ್ಕು ಹಾಸುಗಳು ನಿಂತಿದ್ದವು. ಒಂದು ಕೆಂಪು, ಒಂದು ಅರಿಶಿನ, ಒಂದು ಕಪ್ಪಂಚಿನ ಬಿಳಿ, ಶರಣಯ್ಯನ ಗಿಣಿಹಸಿರು. ಎಂಟು ಮಂದಿ ಕುಂಚ ಎಳೆಯುತ್ತ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರು. ಪೂರ್ವದ ಬಿಸಿಲು ರಸ್ತೆಯ ಗುಂಟ ನೆಲಮಟ್ಟದಲ್ಲಿ ಬಂದು ಒಂದೊಂದು ಎಳೆಯನ್ನೂ ಬೇರೆ ಬೇರೆ ಮಾಡಿ ತೋರಿಸುತ್ತಿತ್ತು. ಮಾಧವಿ ಸ್ಕೂಟಿಯ ಸ್ಟ್ಯಾಂಡು ಹಾಕುವುದನ್ನೂ ಮರೆತು ಹಿಡಿದುಕೊಂಡೇ ನಿಂತಳು.

“ಪಡುಗು,” ಅಂದಳು ಮೆಲ್ಲಗೆ. ಹಾಸು ಎಂಬುದಕ್ಕೆ ತೆಲುಗಿನ ಮಾತು. ಗದ್ವಾಲದವಳಲ್ಲವೇ, ಸೀರೆ ಗೊತ್ತು, ಮಗ್ಗವೂ ಗೊತ್ತು. ಇದು ಎಲ್ಲಿ ನಿಂತು ತಯಾರಾಗಿ ಬರುತ್ತದೆ ಎಂದು ಕೇಳಿಕೊಂಡಿರಲಿಲ್ಲ.

ಆಮೇಲೆ ಅವಳು ಇಂಜಿನಿಯರಾದಳು. ಟೇಪು ತೆಗೆದಳು. ಹಾಸಿನ ಎತ್ತರ ಅಳೆದಳು, ಸೊಂಟಮಟ್ಟ. ಎರಡು ಪಕ್ಕ ಮನುಷ್ಯರು ನಡೆಯುವ ಅಗಲ ಅಳೆದಳು. ಶರಣಯ್ಯನ ಕುಂಚ ಎಷ್ಟು ಮೇಲೆ ಹೋಗುತ್ತದೆ ಎಂದು ಅವನ ಕೈ ಎತ್ತಿಸಿ ಅಳೆದಳು. ಶರಣಯ್ಯ ಪೋಲೀಸರಿಗೆ ಸಿಕ್ಕವನಂತೆ ಕೈ ಎತ್ತಿ ನಿಂತ.

“ಫಲಕ ನೆಲಕ್ಕ ಹಚ್ಚದ ಮ್ಯಾಲ ಎತ್ತಿದ್ರ?” ಮಾಧವಿ ಕೇಳಿದಳು. “ಕಂಬ ಹಾಕಿ, ಎರಡಾಳೆತ್ತರ. ಕೆಳಗ ನೀವು. ನೆರಳು ಬೀಳ್ತೈತಿ, ನಡೀತೈತೇನ್ರಿ?”

ಕುಂಚ ಹಿಡಿದವರೆಲ್ಲ ಗುರುಲಿಂಗಮ್ಮನ ಕಡೆ ನೋಡಿದರು. ಮತ್ತೊಂದು ಸಲ ಇದೇ ರಸ್ತೆಯ ಬಗ್ಗೆ ಇದೇ ಹುಡುಗಿಗೆ ಉತ್ತರ ಕೊಡಬೇಕು. ಈ ಸಲ ತಲೆ ತಗ್ಗಿಸಲಿಲ್ಲ. ಸೂರ್ಯನ ಕಡೆ ನೋಡಿದಳು, ರಸ್ತೆ ನೋಡಿದಳು, ಭೀಮಯ್ಯನ ಮುಖ ನೋಡಿದಳು.

“ಬರೀ ನೆರಳಾದ್ರ ಗಂಜಿ ಒಣಗಂಗಿಲ್ಲ, ನೂಲು ಕೊಳೀತೈತಿ,” ಅಂದಳು ನಿಧಾನವಾಗಿ. “ಮುಂಜಾನಿ ಬಿಸಲು ಬೇಕು. ಹತ್ತರ ಬಿಸಲು ಬ್ಯಾಡ. ಮುಂಜಾನಿ ಬಿಸಲು ತೆಳಗಿಂದ ಬರ್ತೈತಿ, ಕಾಣ್ತೈತಲ್ಲ, ಸಡಕಿನ ಗುಂಟ. ಅದು ನಿಮ್ಮ ಫಲಕದ ತೆಳಗ ಹಾದು ಬರ್ತೈತಿ. ಹತ್ತಕ್ಕ ಸೂರ್ಯ ಮ್ಯಾಲ ಹೋದ ಮ್ಯಾಲ ಆ ಬಿಸಲು ನೀವು ಹಿಡ್ಕೊಳ್ರಿ. ನಮಗ ಬ್ಯಾಡಾದದ್ದು ನಿಮಗ ಬೇಕು.”

ಮಾಧವಿ ಟೇಪು ಮಡಚಿದಳು. “ನಾಲ್ಕು ವರ್ಷ ಓದಿ ನಾ ಇದನ್ನ ಲೆಕ್ಕ ಹಾಕಬೇಕಾಗಿತ್ತು,” ಅಂದಳು. ಭೀಮಯ್ಯ ನಕ್ಕ. ಬಹಳ ದಿನದ ಮೇಲೆ ಸಡಕಿನಲ್ಲಿ ನಗು ಕೇಳಿಸಿತು.

ಕೊನೆಗಳು

ಇಲ್ಲಿಗೆ ಮುಗಿಸಬಹುದು. ನನ್ನ ಹತ್ತಿರ ಮೂರು ಕೊನೆಗಳಿವೆ, ನೋಡಿ.

(ಅ) ಎತ್ತರದ ಕಂಬಗಳ ಮೇಲೆ ಫಲಕಗಳು, ಕೆಳಗೆ ಬಣ್ಣಬಣ್ಣದ ಹಾಸುಗಳು. ಪೇಪರಿನಲ್ಲಿ ಫೋಟೋ. ಫೋಟೋದಲ್ಲಿ ಗುರುಲಿಂಗಮ್ಮ ಕಣ್ಣು ಮುಚ್ಚಿದ್ದಾಳೆ. ಫೋಟೋದಲ್ಲಿ ಅವಳು ಯಾವಾಗಲೂ ಕಣ್ಣು ಮುಚ್ಚುತ್ತಾಳಂತೆ.

(ಆ) ಹೊಸ ನಕ್ಷೆ ಮೇಲಿನ ಆಫೀಸಿಗೆ ಹೋಗುತ್ತದೆ. ಎತ್ತರದ ಕಂಬಕ್ಕೆ ಖರ್ಚು ಜಾಸ್ತಿ, ಗಾಳಿಗೆ ನಿಲ್ಲುವುದು ಅನುಮಾನ ಎಂದು ಅಲ್ಲಿಂದ ವಾಪಸ್ಸು ಬರುತ್ತದೆ. ದಸರಾ ಆಗುತ್ತದೆ. ಬೇಲಿ ಬೀಳುತ್ತದೆ. (ಇದನ್ನು ಬರೆಯುವಾಗ ಗುರುಲಿಂಗಮ್ಮ ನೀರು ಕುಡಿಯಲು ಎದ್ದು ಹೋಗಿದ್ದಳು. ದಯವಿಟ್ಟು ಅವಳಿಗೆ ಹೇಳಬೇಡಿ.)

(ಇ) ಅರ್ಧ ಸಡಕಿಗೆ ಫಲಕ, ಅರ್ಧ ಸಡಕಿಗೆ ಹಾಸು. ಇಬ್ಬರಿಗೂ ಸಾಕಾಗುವುದಿಲ್ಲ. ಹೆಚ್ಚಾಗಿ ಆಗುವುದು ಇಂಥದ್ದೇ.

ಯಾವುದು ನಿಜ ಎಂದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಳುವುದಿಲ್ಲ. ನಾನು ಇದನ್ನು ಬರೆಯುವ ಹೊತ್ತಿಗೆ ಫೈಲು ಹೈದರಾಬಾದಿನಲ್ಲಿದೆ. ಮೂರಕ್ಕೂ ಮೊದಲು, ಅದೇ ಬೆಳಿಗ್ಗೆ, ಸಡಕಿನ ಮೇಲೆ ನಡೆದದ್ದು ಇನ್ನೊಂದಿದೆ. ಅದು ನನಗೆ ಗೊತ್ತು. ಗುರುಲಿಂಗಮ್ಮ ಅದನ್ನು ಎಲ್ಲಕ್ಕಿಂತ ಕೊನೆಗೆ ಹೇಳಿದಳು, ಗೋಡೆ ನೋಡುತ್ತ.

೭

ಒಂಬತ್ತೂವರೆಗೆ ಹಾಸುಗಳೆಲ್ಲ ಎದ್ದವು. ಮಾಧವಿ ಗುರುಲಿಂಗಮ್ಮನ ಜಗಲಿಯ ಮೇಲೆ ಕೂತು ಹೊಸ ವರದಿಯ ಹಾಳೆಗಳನ್ನು ತೆಗೆದಳು. ಗುರುಲಿಂಗಮ್ಮ ಚಹಾ ತಂದಿಟ್ಟಳು. ಹೇಳಬೇಕಾದದ್ದನ್ನು ಇನ್ನೂ ಹೇಳಿರಲಿಲ್ಲ. ಅದಕ್ಕೇ ಅಲ್ಲವೇ ಒಳ್ಳೆ ಸೀರೆ ಉಟ್ಟು ಆಫೀಸಿಗೆ ಹೋಗಿದ್ದು.

“ನಂದು ತಪ್ಪಾತ್ರಿ ಮೇಡಮ್ಮ,” ಅಂದಳು. “ಉಗಾದಿ ಮ್ಯಾಲ ನೀವು ಬಂದಾಗ ಖಾಲಿ ಐತಿ ಅಂದವಳು ನಾನ. ನಿಮ್ಮ ಜೀಪಿಗೆ ದಾರಿ ಬೇಕಂತ ತಿಳ್ಕೊಂಡೆ. ನಾ ಹಂಗಂದಿದ್ದಕ್ಕ ನೀವು ಹಂಗ ಬರ್ಕೊಂಡ್ರಿ. ಆ ಮಾತು ತಗದುಬಿಡ್ರಿ. ಬೇಕಾದ್ರ ಸಹಿ ಮಾಡ್ತೀನಿ.”

ಮಾಧವಿ ಲೋಟ ಕೆಳಗಿಟ್ಟಳು.

“ಅಮ್ಮಾ,” ಅಂದಳು. “ನೀವು ಅಂದಿದ್ದು ನಾ ಬರ್ಕೊಂಡೇ ಇಲ್ರಿ.”

“ಏನು?”

“ಜಾಗಾ ಖಾಲಿ ಐತೋ ಇಲ್ಲೋ ಅನ್ನೂ ಕಾಲಮ್ಮು ಜೀಪು ಹತ್ತೂ ಮದ್ಲ ಆಫೀಸಿನ್ಯಾಗ ತುಂಬಿಬಿಟ್ಟಿದ್ದೆ. ಮ್ಯಾಲಿಂದ ತಗದ ಫೋಟೋ ಕಂಪ್ಯೂಟರ್‌ನ್ಯಾಗ ಇರ್ತಾವಲ್ರಿ, ಅದನ್ನ ನೋಡಿ. ಊರವರನ್ನ ಕೇಳಬೇಕು ಅಂತ ಒಂದು ರೂಲ್ ಐತಿ. ಕೇಳಿದೆ ಅಂತ ಟಿಕ್ ಹಾಕ್ಕೊಂಡೆ, ಅಷ್ಟ.”

ಮೊದಲು ಗುರುಲಿಂಗಮ್ಮನಿಗೆ ಹಗುರವಾಯಿತು, ತಲೆಯ ಮೇಲಿನ ಹೊರೆಯನ್ನು ಯಾರೋ ಹಿಂದಿನಿಂದ ಎತ್ತಿದ ಹಾಗೆ. ತಪ್ಪು ತನ್ನದಲ್ಲ. ಗಂಡ ಓಣಿಯಲ್ಲಿ ಬೆನ್ನು ಬಗ್ಗಿಸಿ ಕೂತದ್ದು ತನ್ನಿಂದಲ್ಲ. ಕೂಗಿ ಎಲ್ಲರಿಗೂ ಹೇಳಬೇಕು ಅನ್ನಿಸಿತು. ಕೂಗಲಿಲ್ಲ. ಹಗುರವಾದ ಜಾಗದಲ್ಲಿ ಬೇರೆ ಏನೋ ಬಂದು ಕೂತಿತು.

“ಹಂಗಾದ್ರ ಅವತ್ತು ನಾ ಖಾಲಿ ಇಲ್ಲ ಅಂದಿದ್ರ?”

ಮಾಧವಿ ಹಾಳೆಯ ಕಡೆ ನೋಡಿದಳು.

“ಇಲ್ಲ ಅಂದಿದ್ರೂ ಖಾಲಿ ಅಂತನ ಇರ್ತಿತ್ತು?”

“ಹೌದ್ರಿ,” ಅಂದಳು ಮಾಧವಿ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವಳ ಕಣ್ಣುಗಳು ತುಂಬಿದ್ದವು.

ಗುರುಲಿಂಗಮ್ಮ ಜಗಲಿಯ ಮೇಲೆ ಕೂತಳು. ನಾಲ್ಕು ತಿಂಗಳು ಅವಳು ತನ್ನ ಒಂದು ಮಾತು ಒಂದು ರಸ್ತೆಯನ್ನು ಮುಳುಗಿಸಿತು ಎಂದು ನಂಬಿದ್ದಳು. ಆ ನಂಬಿಕೆ ಸುಡುತ್ತಿತ್ತು, ಆದರೆ ಅದರಲ್ಲಿ ಅವಳ ಮಾತಿಗೆ ಒಂದು ತೂಕವಿತ್ತು. ಈಗ ನೋಡಿದರೆ ತೂಗಿಯೇ ಇರಲಿಲ್ಲ. ಯಾವುದು ಹೆಚ್ಚು ನೋವು ಎಂದು ನಾನು ಕೇಳಿದೆ. “ಮುಂದ ಬರಿ,” ಅಂದಳು. ನಾನು ಮತ್ತೆ ಕೇಳಲಿಲ್ಲ.

ಶರಣಯ್ಯ ಸುತ್ತಿದ ಹಾಸನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದವನು ಬಾಗಿಲಲ್ಲೇ ನಿಂತ. ಹೆಂಡತಿಯ ಮುಖ ನೋಡಿ ಹಾಸು ಇಳಿಸಿದ.

“ಆ ಹಾಳಿ ಐತಲ್ಲ,” ಅಂದಳು ಗುರುಲಿಂಗಮ್ಮ, “ಹೊಸಾದು. ಅದರಾಗ ಆ ಕಾಲಮ್ಮು ಎಲ್ಲೈತಿ?”

ಮಾಧವಿ ತೋರಿಸಿದಳು. ಬೆಂಕಿಪೊಟ್ಟಣದಷ್ಟು ಚೌಕ, ಒಳಗೆ ಏನೂ ಬರೆದಿರಲಿಲ್ಲ. ಗುರುಲಿಂಗಮ್ಮ ಅದರ ಮೇಲೆ ಬೆರಳಿಟ್ಟಳು.

“ಬರ್ಕೋ,” ಅಂದಳು. ಬರ್ರಿ, ಕುಂದರ್ರಿ ಎಲ್ಲ ಹೋಗಿ ಮನೆಮಗಳಿಗೆ ಹೇಳುವ ಹಾಗೆ ಬಂದಿತ್ತು, ಅದನ್ನು ಅವಳೂ ಗಮನಿಸಲಿಲ್ಲ, ಮಾಧವಿಯೂ. “ನಾ ಹೇಳ್ತೀನಿ, ನೀ ಬರ್ಕೋ. ಸೋಮಾರ ನಮ್ಮ ಹಾಸು. ಸಡಕಿನ ಆ ತುದಿಗೆ ಭೀಮಯ್ಯಂದು, ಅವನ ಇಬ್ಬರು ತಮ್ಮಂದಿರವು. ಮಂಗಳಾರ ಮೈಲಮ್ಮಂದು. ಅಕಿ ಗಂಡಗ ಕಣ್ಣು ಸರಿ ಇಲ್ಲ, ಎಳಿ ಕಡದ್ರ ಕಾಣಂಗಿಲ್ಲ, ಅಕಿಗೆ ಹಾಸು ಹಾಸಾಕ ಒಂದು ತಾಸು ಹೆಚ್ಚು ಬೇಕು. ಅದನ್ನೂ ಬರಿ.”

“ಅದನ್ನೂ?”

“ಅದನ್ನೂ. ಬುಧವಾರ ಲಿಂಗಣ್ಣ, ಪೆದ್ದಯ್ಯ. ಇಬ್ಬರಿಗೂ ಮಾತಿಲ್ಲ, ಅದಕ್ಕ ಲಿಂಗಣ್ಣಂದು ಈ ತುದಿ, ಪೆದ್ದಯ್ಯಂದು ಆ ತುದಿ. ಗುರುವಾರ ನಾಗಪ್ಪಂದು, ಅವನ ಮಗಳ ಮದವಿ ಸೀರಿ ಐತಿ ಈ ಸಲ ಹಾಸೂದು. ಅಮಾಸಿ ದಿನ ಯಾರೂ ಹಾಸಂಗಿಲ್ಲ. ಅದೊಂದು ದಿನ ಬೇಕಾದ್ರ ಖಾಲಿ ಅಂತ ಬರಿ.”

ಚೌಕ ತುಂಬಿತು. ಮಾಧವಿ ಅಂಚಿನಲ್ಲಿ ಬರೆದಳು, ಅಂಚೂ ಮುಗಿದ ಮೇಲೆ ಹಾಳೆ ತಿರುಗಿಸಿದಳು. ತೆಲುಗಿನ ದುಂಡು ಅಕ್ಷರಗಳು, ಒಂದರ ಹಿಂದೆ ಒಂದು.

ನಾನು ಇಲ್ಲಿಗೆ ಪೆನ್ನು ಇಡೋಣ ಅಂದುಕೊಂಡೆ. ಒಳ್ಳೆಯ ಜಾಗ, ಹಾಳೆ ತಿರುಗಿದೆ, ಗಂಡ ಬಾಗಿಲಲ್ಲಿದ್ದಾನೆ. ಗುರುಲಿಂಗಮ್ಮ ನನ್ನ ಮೊಣಕೈ ಹಿಡಿದಳು. ಇನ್ನೂ ವಾರ ಮುಗಿದಿಲ್ಲ, ಅಂದಳು.

“ಇಲ್ಲಿ ತನಕ ಬರ್ದಿದ್ದು ಓದು,” ಅಂದಳು ಮಾಧವಿಗೆ. ಮಾಧವಿ ಓದಿದಳು, ಗಟ್ಟಿಯಾಗಿ, ಒಂದೊಂದೇ ಹೆಸರು. ಗುರುಲಿಂಗಮ್ಮ ಕಣ್ಣು ಮುಚ್ಚಿ, ತಲೆ ತೂಗುತ್ತ ಕೇಳಿದಳು. ನಡುವೆ ಒಂದು ಕಡೆ ಕಣ್ಣು ತೆರೆದಳು.

“ಲಿಂಗಣ್ಣ ಈ ತುದಿ, ಪೆದ್ದಯ್ಯ ಆ ತುದಿ. ನೀ ತಿರುವಿ ಬರ್ದಿ. ತಿದ್ದು ಅದನ್ನ.”

ಮಾಧವಿ ತಿದ್ದಿದಳು. ಶುಕ್ರವಾರ ಕಾಳಪ್ಪನದು, ಶನಿವಾರದ್ದು ಇನ್ನೂ ಹೇಳಬೇಕು.